ಪಾದರಕ್ಷೆಗಳ ಪಟ್ಟಣದಲ್ಲಿ

ಇಂಗ್ಲೆಂಡಿನ ಮಧ್ಯಭಾಗದಲ್ಲಿ ನೀನ್ ಎಂಬ ಸಣ್ಣ ನದಿಯ ದಡದ ಮೇಲೆ ನಾರ್ತಾಂಪ್ಟನ್ ಎಂಬ ಪಟ್ಟಣವಿದೆ. ಲಂಡನ್ನಿನ ಯೂಸ್ಟನ್ ನಿಲ್ದಾಣದಲ್ಲಿ ರೈಲುಗಾಡಿಯನ್ನು ಹತ್ತಿದರೆ ಅಲ್ಲಿಗೆ ಹೆಚ್ಚುಕಡಮೆ ಒಂದು ಗಂಟೆಯ ಪ್ರಯಾಣ. ಸೀಮೆಗೆ ಹೋಗಿಬರುವ ನಮ್ಮ ಜನರು ಲಂಡನ್ನನ್ನು ನೋಡುತ್ತಾರೆ, ಆಕ್ಸ್‌ಫರ್ಡನ್ನು ನೋಡುತ್ತಾರೆ, ಷೇಕ್ಸ್‌ಪಿಯರನು ಹುಟ್ಟಿದ ಮನೆಯನ್ನು ನೋಡುತ್ತಾರೆ. ನಾರ್ತಾಂಪ್ಟನ್ನನ್ನು ನೋಡಿಬಂದೆವೆಂದು ಹೇಳಿದವರನ್ನು ನಾವು ಇದುವರೆಗೆ ಕಂಡಿಲ್ಲ. ನಾವಾದರೂ ಅದನ್ನು ನೋಡಬೇಕೆಂದು ಹೋದವರಲ್ಲ. ನಮ್ಮ ಮಗಳೂ ಅಳಿಯಂದಿರೂ ಅಲ್ಲಿ ಮನೆ ಮಾಡಿಕೊಂಡಿರುವುದರಿಂದ ಹೋದ ಚಳಿಗಾಲದಲ್ಲಿ ನಾವೂ ನಮ್ಮ ಮನೆಯವರೂ ಅಲ್ಲಿ ಎರಡು ತಿಂಗಳು ಇದ್ದುಬಂದೆವು. ಆ ಎರಡು ತಿಂಗಳ ಅನುಭವಗಳಲ್ಲಿ ಒಂದನ್ನು ಮಾತ್ರ ವಾಚಕರ ಮುಂದಿಡಬೇಕೆಂಬ ಇಚ್ಛೆಯುಂಟಾಗಿದೆ. ವಿಷಯ ಪಾದರಕ್ಷೆಯದು. ಅಷ್ಟು ಕೆಳಗಿನ ವಸ್ತುವನ್ನು ಕುರಿತು ಬರೆಯುವುದೇ ಎಂದು ಯಾರಾದರೂ ಹುಬ್ಬು ಗಂಟಿಕ್ಕಿದರೆ, ನಂದಿಗ್ರಾಮದಲ್ಲಿ ಹದಿನಾಲ್ಕು ವರ್ಷ ರಾಜ್ಯವಾಳಿದುದು ಏನೆಂಬುದನ್ನು ಅವರು ನೆನೆದುಕೊಳ್ಳಬೇಕೆಂದು ಬೇಡುತ್ತೇವೆ.

ನಾವು ಅಲ್ಲಿ ಇಳಿದ ನಾಲ್ಕನೆಯ ರಾತ್ರಿ ಹಿಮ ಬಿದ್ದಿತು. ಬೆಳಗ್ಗೆ ಎದ್ದು ನೋಡಿದರೆ ಬೀದಿಯೆಲ್ಲ ಹಿಂಜಿದ ಅರಳೆಯನ್ನು ಹರವಿದಂತಿತ್ತು. ನೋಟವೇನೋ ರಮಣೀಯವೇ. ಆದರೆ ಮಧ್ಯಾಹ್ನದ ಹೊತ್ತಿಗೆ ಅದು ಕರಗಿ ಕೆಸರಾಗಿ, ಸಂಜೆಗೆ ಮತ್ತೆ ಹೆಪ್ಪುಗಟ್ಟಿ ಗಾಜಿನಂತಾಯಿತು. ಶಿವಮೊಗ್ಗೆಯಲ್ಲಿ ಕೊಂಡ ನಮ್ಮ ಚಡಾವುಗಳ ಅಟ್ಟೆ ಬಲು ನಯವಾದುದು. ಬೀದಿಯ ಮೂಲೆಯ ಅಂಚೆಪೆಟ್ಟಿಗೆಗೆ ಹೋಗಿಬರುವಷ್ಟರಲ್ಲಿ ಎರಡು ಸಲ ಜಾರಿದೆವು; ಎರಡನೆಯ ಸಲ ಕುಳಿತೇಬಿಟ್ಟೆವು. ಮಗಳು ಹೆದರಿ, "ಅಪ್ಪ, ಬೂಟು ತೆಗೆದುಕೊಳ್ಳುವವರೆಗೂ ನೀವು ಹೊಸಿಲು ದಾಟಬೇಡಿ" ಎಂದು ಕಟ್ಟಪ್ಪಣೆ ಮಾಡಿದಳು. ಮರುದಿನವೇ ಕೈಹಿಡಿದು ಅಂಗಡಿಗೆ ಕರೆದುಕೊಂಡು ಹೋದಳು.

ನಮ್ಮ ಪಾದಗಳು ಚಿಕ್ಕಂದಿನಿಂದಲೂ ಚಿಕ್ಕವು. ಊರಿನಲ್ಲಿ ಇದು ಒಂದು ವಿಷಯವೇ ಅಲ್ಲ. ಚಪ್ಪಲಿಯನ್ನು ಹೊಲಿಯುವವನು ಕಾಲನ್ನು ಕಾಗದದ ಮೇಲಿರಿಸಿ ಸುತ್ತ ಗೀಟೆಳೆದು ಅದರಂತೆ ಕತ್ತರಿಸಿ ಕೊಡುತ್ತಿದ್ದನು. ಆಂಗ್ಲರ ಅಂಗಡಿಯಲ್ಲಿ ಪಾದಕ್ಕೆ ಸಂಖ್ಯೆಯುಂಟು. ಆ ಸಂಖ್ಯೆಯ ಮೂಲವನ್ನು ತಿಳಿದಾಗ ನಮಗೆ ಬಹಳ ಸಂತೋಷವಾಯಿತು. ಯವದ ಕಾಳುಗಳನ್ನು, ಎಂದರೆ ಜವೆಗೋದಿಯನ್ನು, ಉದ್ದುದ್ದವಾಗಿ ಮೂರನ್ನು ಜೋಡಿಸಿದರೆ ಅವರ ಒಂದು ಅಂಗುಲ. ಪಾದರಕ್ಷೆಯ ಅಳತೆಯಲ್ಲಿ ಒಂದು ಸಂಖ್ಯೆಗೂ ಮುಂದಿನ ಸಂಖ್ಯೆಗೂ ಇರುವ ಅಂತರ ಒಂದು ಕಾಳು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಎಂಟು ಯವಮಧ್ಯಗಳಿಗೆ ಒಂದು ಅಂಗುಲವೆಂದು ಹೇಳಿದೆಯಷ್ಟೆ. ಒಂದೇ ಧಾನ್ಯವನ್ನು ಅವರು ಉದ್ದಕ್ಕೆ ಮಲಗಿಸಿದರು, ನಮ್ಮವರು ಅಡ್ಡಕ್ಕೆ ಜೋಡಿಸಿದರು. ಇನ್ನೊಂದು ಸ್ವಾರಸ್ಯವೇನೆಂದರೆ ಇಂಗ್ಲೆಂಡಿನ ಈ ಅಳತೆಯಲ್ಲಿ ಗಂಡಸರ ನಾಲ್ಕಕ್ಕೂ ಹೆಂಗಸರ ನಾಲ್ಕಕ್ಕೂ ಭೇದವಿಲ್ಲ. ಯವದ ಕಾಳು ಲಿಂಗವನ್ನು ಅರಿಯದು.

ಅಂಗಡಿ ಅರಿಯುತ್ತದೆ. ಗಂಡಸರ ಬೂಟುಗಳು ಎಡಗೋಡೆಗೆ, ಹೆಂಗಸರವು ಬಲಗೋಡೆಗೆ. ನಮ್ಮ ಪಾದದ ಅಳತೆ ನಾಲ್ಕು ಎಂದು ತೀರ್ಮಾನವಾಯಿತು. ಗಂಡಸರ ಬೂಟುಗಳೋ ಆರರಿಂದ ಮೊದಲಾಗುತ್ತಿದ್ದವು. ಎರಡೆರಡು ಜೊತೆ ಕಾಲುಚೀಲಗಳನ್ನು ಹಾಕಿಕೊಂಡು ಆರನ್ನು ತೊಟ್ಟು ನೋಡಿದೆವು. ಹೆಜ್ಜೆಯಿಟ್ಟರೆ ನಾವು ಮುಂದೆ ಹೋಗುತ್ತಿದ್ದೆವು, ಬೂಟು ಹಿಂದೆ ಉಳಿಯುತ್ತಿತ್ತು. ಬಳಿಕ ಬಾಲಕರ ವಿಭಾಗಕ್ಕೆ ಕರೆದೊಯ್ದರು. ಮಕ್ಕಳ ಪಾದರಕ್ಷೆಗೆ ಆ ದೇಶದಲ್ಲಿ ಮಾರಾಟದ ತೆರಿಗೆಯಿಲ್ಲವೆಂದು ಮಗಳು ಹೇಳಿದಾಗ, ನಿವೃತ್ತಿವೇತನದಿಂದ ಜೀವಿಸುವ ನಮ್ಮ ಮನಸ್ಸು ಒಂದು ಕ್ಷಣ ಅತ್ತ ಎಳೆಯಿತೆಂಬುದನ್ನು ಮುಚ್ಚಿಡಲಾರೆವು. ಆದರೆ ಅಲ್ಲಿದ್ದ ನಾಲ್ಕನೆಯ ಅಳತೆಯ ಬೂಟು ನೆಲಕ್ಕೆ ಊರಿದಾಗಲೆಲ್ಲ ಹಿಮ್ಮಡಿಯಲ್ಲಿ ಕೆಂಪು ದೀಪವನ್ನು ಮಿಣುಕಿಸುತ್ತಿತ್ತು. ಅರವತ್ತು ವರ್ಷದ ಸಂಸ್ಕೃತ ಪಂಡಿತನೊಬ್ಬನು ಮಿಂಚುಹುಳದಂತೆ ಬೀದಿಯಲ್ಲಿ ನಡೆಯುವುದು ಉಚಿತವಾಗಿ ತೋರಲಿಲ್ಲ.

ಆಗ ಅಂಗಡಿಯ ಹುಡುಗಿ ಸುಮ್ಮನೆ ಬಲಗೋಡೆಯ ಕಡೆಗೆ ಹೋಗಿ ಒಂದು ಜೊತೆಯನ್ನು ತಂದು ನಮ್ಮ ಮುಂದಿರಿಸಿದಳು. ಕಂದು ಬಣ್ಣದ ಚರ್ಮ, ಗಿಣ್ಣಿನ ಮೇಲಕ್ಕೆ ನಾಲ್ಕು ಬೆರಳಷ್ಟು ಎತ್ತರ, ಒಳಮೈಗೆ ಉಣ್ಣೆ, ಕೆಳಗೆ ಹಲ್ಲುಹಲ್ಲಾದ ರಬ್ಬರಿನ ಅಟ್ಟೆ, ಹಿಮ್ಮಡಿ ಒಂದೂವರೆ ಅಂಗುಲ. ನಮಗಾಗಿಯೇ ಮಾಡಿದಂತಿತ್ತು. "ಇದು ಹೆಂಗಸರದಲ್ಲವೆ?" ಎಂದು ಕೇಳಿದೆವು. "ಹೌದು, ಆದರೆ ನಿಮ್ಮ ಅಳತೆಯದು" ಎಂದಳು. ನಾವು ಕಾಲನ್ನು ಹಿಂದಕ್ಕೆಳೆದುಕೊಂಡೆವು. ಮಗಳು ಎಷ್ಟು ಹೇಳಿದರೂ ಒಪ್ಪದೆ ಒದ್ದೆ ಚಡಾವುಗಳಲ್ಲಿಯೇ ಮನೆಗೆ ಮರಳಿದೆವು.

ದಾರಿಯಲ್ಲಿ ನಮ್ಮನ್ನು ನಾವೇ ಪರೀಕ್ಷಿಸಿಕೊಂಡೆವು. ಉಪಾನಹ್ ಎಂಬ ಶಬ್ದ ಸ್ತ್ರೀಲಿಂಗ, ಪಾದುಕಾ ಸ್ತ್ರೀಲಿಂಗ, ಪಾದತ್ರಾಣ ನಪುಂಸಕ. ಹೆಂಡತಿ ಎಂಬ ಒಂದೇ ಅರ್ಥದಲ್ಲಿ ಭಾರ್ಯಾ ಸ್ತ್ರೀಲಿಂಗವಾದರೆ, ದಾರ ಶಬ್ದ ಪುಲ್ಲಿಂಗ ಬಹುವಚನ, ಕಳತ್ರ ನಪುಂಸಕ. ಶಬ್ದದ ಲಿಂಗ ಬೇರೆ, ವಸ್ತುವಿನ ಲಿಂಗ ಬೇರೆ ಎಂಬುದನ್ನು ಮೂವತ್ತು ವರ್ಷ ಹುಡುಗರಿಗೆ ಬೋಧಿಸಿ, ತಪ್ಪಿದವರ ಕಿವಿ ಹಿಂಡಿದವರು ನಾವು. ಆದರೂ ಒಂದು ಜೊತೆ ಬೂಟಿನ ಮುಂದೆ ನಮ್ಮ ಪಾಂಡಿತ್ಯ ನಿಲ್ಲಲಿಲ್ಲ.

ಹಿಮ ಕರಗುವವರೆಗೆ ಹೊರಗೆ ತಿರುಗುವಂತಿಲ್ಲದ್ದರಿಂದ ಅಳಿಯಂದಿರು ತಮ್ಮ ಮೋಟಾರಿನಲ್ಲಿ ಊರನ್ನು ತೋರಿಸಿದರು. ೧೬೭೫ರಲ್ಲಿ ಈ ಪಟ್ಟಣದ ಬಹುಭಾಗ ಬೆಂಕಿಗೆ ಆಹುತಿಯಾಯಿತು. ದೊರೆ ಎರಡನೆಯ ಚಾರ್ಲ್ಸನು ಮತ್ತೆ ಕಟ್ಟಿಕೊಳ್ಳಲು ಸಾವಿರ ಟನ್ನು ಮರವನ್ನು ದಯಪಾಲಿಸಿದನಂತೆ. ಆ ಕೃತಜ್ಞತೆಗಾಗಿ ಊರ ನಡುವಿನ ಆಲ್ ಸೇಂಟ್ಸ್ ದೇವಾಲಯದ ಮುಖಮಂಟಪದ ಮೇಲೆ ಅವನ ಪ್ರತಿಮೆಯನ್ನು ನಿಲ್ಲಿಸಿದ್ದಾರೆ. ಮೈಮೇಲೆ ರೋಮನರ ಉಡುಪು, ತಲೆಯ ಮೇಲೆ ಹೆಗಲವರೆಗೆ ಇಳಿದ ಸುರುಳಿ ಸುರುಳಿಯಾದ ಕಟ್ಟುಗೂದಲು. ಪ್ರತಿ ವರ್ಷ ಮೇ ೨೯ರಂದು ಓಕ್ ಮರದ ಎಲೆಗಳಿಂದ ಅವನನ್ನು ಅಲಂಕರಿಸುತ್ತಾರೆ. ಇಷ್ಟಾದರೂ ಅವನನ್ನು ನೋಡಿ ಯಾರೂ ನಗುವುದಿಲ್ಲ. ದೊರೆಗಳಿಗೆ ಆ ಸೌಕರ್ಯವುಂಟು.

ಈ ಊರಿನ ಕಸುಬು ಹಿಂದಿನಿಂದಲೂ ಚರ್ಮದ್ದು. ಸುತ್ತಲೂ ದನ ಮೇಯುವ ಹುಲ್ಲುಗಾವಲು, ಚರ್ಮ ಹದಮಾಡಲು ಓಕ್ ಮರದ ತೊಗಟೆ, ತೊಳೆಯಲು ನದಿಯ ನೀರು. ಮೂರೂ ಒಂದೇ ಕಡೆ ಒದಗಿದವು. ೧೬೪೨ರಲ್ಲಿ ಐರ್ಲೆಂಡಿಗೆ ಹೊರಟ ಸೈನ್ಯಕ್ಕಾಗಿ ೪,೦೦೦ ಜೊತೆ ಚಡಾವುಗಳನ್ನೂ ೬೦೦ ಜೊತೆ ಬೂಟುಗಳನ್ನೂ ಮಾಡಿಕೊಡುವ ಗುತ್ತಿಗೆ ಈ ಊರಿನವರಿಗೆ ಸಿಕ್ಕಿತು. ಅಂದಿನಿಂದ ಯುದ್ಧ ಬಂದಾಗಲೆಲ್ಲ ನಾರ್ತಾಂಪ್ಟನ್ನಿಗೆ ಕೈತುಂಬ ಕೆಲಸ. ಇಲ್ಲಿಯ ಕಾಲ್ಚೆಂಡಿನ ತಂಡಕ್ಕೆ ಜನರು ಇಟ್ಟಿರುವ ಅಡ್ಡ ಹೆಸರು ಚಮ್ಮಾರರು ಎಂಬ ಅರ್ಥದ್ದು. ಆ ಹೆಸರನ್ನು ಅವರು ಹೆಮ್ಮೆಯಿಂದ ಕೂಗಿ ಹೇಳಿಕೊಳ್ಳುತ್ತಾರೆ. ಇದನ್ನು ಕೇಳಿದಾಗ ನಮ್ಮ ಕಡೆಯ ಕೆಲವು ಸಂಗತಿಗಳು ನೆನಪಿಗೆ ಬಂದು ನಾವು ಸುಮ್ಮನಾದೆವು.

ಗಿಲ್ಡ್‌ಹಾಲ್ ರಸ್ತೆಯ ವಸ್ತುಸಂಗ್ರಹಾಲಯವು ೨೦೨೧ರಲ್ಲಿ ವಿಸ್ತಾರಗೊಂಡು ಮತ್ತೆ ತೆರೆಯಿತು. ಅಲ್ಲಿಯ ಸಂಗ್ರಹದಲ್ಲಿ ಸುಮಾರು ೧೫,೦೦೦ ಪಾದರಕ್ಷೆಗಳಿವೆಯೆಂದರೆ ವಾಚಕರು ಅದರ ಪ್ರಮಾಣವನ್ನು ಊಹಿಸಬಹುದು. ಹಳೆಯ ಮನೆಗಳ ಗೋಡೆಗಳಲ್ಲಿಯೂ ಒಲೆಗೂಡಿನ ಸಂದುಗಳಲ್ಲಿಯೂ ಹಿಂದಿನವರು ಬಚ್ಚಿಟ್ಟಿದ್ದ ಒಂಟಿ ಚಡಾವುಗಳ ಲೆಕ್ಕವನ್ನೂ ಈ ಸಂಗ್ರಹಾಲಯ ಇಟ್ಟಿದೆ. ಕೆಟ್ಟ ದೃಷ್ಟಿಯಿಂದ ಮನೆಯನ್ನು ಕಾಯಲೆಂದು ಹಾಗೆ ಹುದುಗಿಸುತ್ತಿದ್ದರಂತೆ. ಹೊಸ ಮನೆಯ ಮುಂದೆ ಹಳೆಯ ಎಕ್ಕಡವನ್ನು ತೂಗಹಾಕುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಆದರೆ ನಮ್ಮನ್ನು ಹಿಡಿದು ನಿಲ್ಲಿಸಿದುದು ಹಿಮ್ಮಡಿಗಳ ಚರಿತ್ರೆ. ಎತ್ತರದ ಹಿಮ್ಮಡಿಯನ್ನು ಇಂದು ನಾವು ಹೆಂಗಸರ ಸೊತ್ತೆಂದು ತಿಳಿದಿದ್ದೇವೆ. ಅದು ಹುಟ್ಟಿದ್ದು ಪಾರಸೀಕ ದೇಶದ ಕುದುರೆ ಸವಾರರ ಕಾಲಿನಲ್ಲಿ; ರಿಕಾಪಿನಿಂದ ಪಾದ ಜಾರದಿರಲೆಂದು ಮಾಡಿದ ಉಪಾಯವದು. ಅಲ್ಲಿಂದ ಯೂರೋಪಿನ ಸರದಾರರಿಗೆ ಹಬ್ಬಿತು. ಹದಿನೇಳನೆಯ ಶತಮಾನದಲ್ಲಿ ಹೆಂಗಸರು ಅದನ್ನು ಗಂಡಸರನ್ನು ನೋಡಿ ಅನುಕರಿಸಿದರು. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ದೊರೆಯ ಚಿತ್ರವೊಂದು ಪ್ರಸಿದ್ಧವಾಗಿದೆ. ರಿಗೋ ಎಂಬ ಚಿತ್ರಕಾರನು ೧೭೦೧ರಲ್ಲಿ ಬರೆದದ್ದು. ಅದರಲ್ಲಿ ಆ ಚಕ್ರವರ್ತಿ ರೇಷ್ಮೆಯ ಕಾಲುಚೀಲ ತೊಟ್ಟು, ಕೆಂಪು ಹಿಮ್ಮಡಿಯ ಚಡಾವನ್ನು ಮೆಟ್ಟಿ, ಕಾಲನ್ನು ಮುಂದೆ ಚಾಚಿ ನಿಂತಿದ್ದಾನೆ. ಬಳಿಕ ಹದಿನೆಂಟನೆಯ ಶತಮಾನದಲ್ಲಿ ಗಂಡಸರು ಅದನ್ನು ಬಿಟ್ಟರು. ಬಿಟ್ಟವರು ತಾವೇ ಎಂಬುದನ್ನೂ ಮರೆತರು.

ಇದಕ್ಕೆ ವಿಪರ್ಯಾಯವಾದ ಇನ್ನೊಂದು ಕಥೆಯಿದೆ. ಪಕ್ಕದಲ್ಲಿ ರಬ್ಬರಿನ ಪಟ್ಟಿಯಿದ್ದು, ಗುಂಡಿಯಾಗಲಿ ದಾರವಾಗಲಿ ಇಲ್ಲದೆ ಸರಕ್ಕನೆ ಕಾಲಿಗೆ ಏರುವ ಗಿಣ್ಣುದ್ದದ ಬೂಟನ್ನು ವಾಚಕರು ನೋಡಿರಬಹುದು. ಅದನ್ನು ಕಲ್ಪಿಸಿದವನು ವಿಕ್ಟೋರಿಯಾ ರಾಣಿಯ ಬೂಟುಗಾರನಾದ ಸ್ಪಾರ್ಕ್ಸ್-ಹಾಲ್ ಎಂಬವನು. ೧೮೫೧ರಲ್ಲಿ ಅದರ ಹಕ್ಕುಪತ್ರ ಪಡೆದನು. ರಾಣಿಗೆ ಅದು ಅಚ್ಚುಮೆಚ್ಚಾಗಿತ್ತು. ೧೯೬೦ರ ದಶಕಕ್ಕೆ ಬಂದರೆ ಬೀಟಲ್ಸ್ ಎಂಬ ನಾಲ್ವರು ಗಾಯಕ ತರುಣರು ಅದೇ ಮಾದರಿಗೆ ಎತ್ತರದ ಹಿಮ್ಮಡಿ ಕೂಡಿಸಿ ಮೆಟ್ಟಿ ಕುಣಿದರು. ದೇಶದ ತರುಣರೆಲ್ಲ ಕೊಂಡರು. ರಾಣಿಯ ಬೂಟನ್ನು ಹಾಕಿಕೊಳ್ಳುತ್ತಿದ್ದೇವೆಂದು ಅವರಾರಿಗೂ ಅನಿಸಲಿಲ್ಲ. ಇಂದು ಅದನ್ನು ಎಡಗೋಡೆಯಲ್ಲಿಯೂ ಜೋಡಿಸಿರುತ್ತಾರೆ, ಬಲಗೋಡೆಯಲ್ಲಿಯೂ ಜೋಡಿಸಿರುತ್ತಾರೆ.

ಮಹಾಭಾರತದ ಅನುಶಾಸನಪರ್ವದಲ್ಲಿ ಬರುವ ಪ್ರಸಂಗವನ್ನು ಅಲ್ಲಿಯೇ ನಿಂತು ನಮ್ಮ ಮನೆಯವರಿಗೆ ಹೇಳಿದೆವು. ಛತ್ರವನ್ನೂ ಪಾದರಕ್ಷೆಯನ್ನೂ ದಾನಮಾಡುವ ಪದ್ಧತಿ ಹೇಗೆ ಹುಟ್ಟಿತೆಂದು ಧರ್ಮರಾಯನು ಕೇಳಿದಾಗ ಭೀಷ್ಮನು ಹೇಳಿದ ಕಥೆಯದು. ಜಮದಗ್ನಿಯು ವಿನೋದಕ್ಕಾಗಿ ಬಾಣಗಳನ್ನು ಬಿಡುವುದು, ರೇಣುಕಾದೇವಿಯು ಓಡಿಹೋಗಿ ಅವನ್ನು ಆಯ್ದು ತರುವುದು. ಜ್ಯೇಷ್ಠಮಾಸದ ನಡುಹಗಲು. ತಲೆಯೂ ಅಂಗಾಲೂ ಬೆಂದು ಆಕೆ ಮರದ ನೆರಳಿನಲ್ಲಿ ನಿಂತು ತಡವಾಗಿ ಬಂದಳು. ಮುನಿಯು ಸೂರ್ಯನ ಮೇಲೆಯೇ ಬಾಣ ಹೂಡಲು, ಸೂರ್ಯನು ಬ್ರಾಹ್ಮಣವೇಷದಿಂದ ಇಳಿದುಬಂದು ಛತ್ರವನ್ನೂ ಚರ್ಮದ ಪಾದರಕ್ಷೆಗಳನ್ನೂ ಕೊಟ್ಟನು. ಎಂದರೆ, ಲೋಕದಲ್ಲಿ ಮೊಟ್ಟಮೊದಲು ಪಾದರಕ್ಷೆ ಇಳಿದುಬಂದುದು ಒಬ್ಬ ಹೆಂಗಸಿನ ಸುಟ್ಟ ಅಂಗಾಲಿಗಾಗಿ. ನಮ್ಮ ಮನೆಯವರು ಇದನ್ನೆಲ್ಲ ಸಾವಧಾನವಾಗಿ ಕೇಳಿ, "ಬಾಣ ಬಿಟ್ಟವರು ತಾವೇ ಹೋಗಿ ತರಬಹುದಾಗಿತ್ತು" ಎಂದರು, ಅನಂತರ ನಮ್ಮ ಒದ್ದೆ ಚಡಾವುಗಳ ಕಡೆಗೆ ನೋಡಿ, "ಈಗ ಆ ಬೂಟು ತರುತ್ತೀರೋ?" ಎಂದರು.

ಎರಡು ದಿನ ಕಳೆದು ಯಾರಿಗೂ ಹೇಳದೆ ಒಬ್ಬರೇ ಅಂಗಡಿಗೆ ಹೋದೆವು. ದಾರಿಯುದ್ದಕ್ಕೂ ಒಂದು ವಾಕ್ಯವನ್ನು ಸಿದ್ಧಪಡಿಸಿಕೊಂಡಿದ್ದೆವು. ಅಂದಿನ ಹುಡುಗಿ ಇರಲಿಲ್ಲ, ಬೇರೊಬ್ಬಳಿದ್ದಳು. ಒಳ್ಳೆಯದೇ ಆಯಿತೆಂದುಕೊಂಡು, ಆ ಕಂದು ಬಣ್ಣದ ಬೂಟು ನಮ್ಮ ಹೆಂಡತಿಗೆ ಬೇಕಾಗಿದೆ ಎಂದೆವು. ಹುಡುಗಿ ವಿನಯದಿಂದ, "ಅವರನ್ನೇ ಕರೆದುಕೊಂಡು ಬನ್ನಿ, ತೊಟ್ಟು ನೋಡಿ ಕೊಳ್ಳುವುದು ಮೇಲು" ಎಂದಳು. ನಮ್ಮ ವಾಕ್ಯ ಅಲ್ಲಿಗೇ ಮುಗಿದಿದ್ದಿತು, ಮುಂದಿನದನ್ನು ಸಿದ್ಧಪಡಿಸಿರಲಿಲ್ಲ.

ಅದೇ ವೇಳೆಗೆ ಐವತ್ತು ದಾಟಿದ, ಆರಡಿ ಎತ್ತರದ, ಕಟ್ಟಡದ ಕೆಲಸದವರಂತೆ ದಪ್ಪ ಕೈಗಳುಳ್ಳ ಒಬ್ಬ ಮನುಷ್ಯನು ಬಲಗೋಡೆಯ ಬಳಿ ನಿಂತು ಮೊಣಕಾಲುದ್ದದ ಕಪ್ಪು ಬೂಟೊಂದನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದನು. ಹುಡುಗಿಯನ್ನು ಕರೆದು, ಇದು ಹನ್ನೊಂದರ ಅಳತೆಯಲ್ಲಿ ಇದೆಯೆ ಎಂದನು. ಎಂಟರ ಮೇಲೆ ತರಿಸುವುದಿಲ್ಲವೆಂದು ಅವಳು ಹೇಳಿದಳು. "ಗೊತ್ತು. ಪ್ರತಿ ಚಳಿಗಾಲದಲ್ಲಿಯೂ ಬಂದು ಕೇಳುತ್ತೇನೆ. ಕೇಳುತ್ತಿದ್ದರೆ ಒಂದು ವರ್ಷ ತರಿಸಿಯಾರು" ಎಂದು ಬೂಟನ್ನು ಮತ್ತೆ ಅದರ ಜಾಗದಲ್ಲಿ ನೇರವಾಗಿ ನಿಲ್ಲಿಸಿದನು. ಬಳಿಕ ನಮ್ಮ ಕಡೆಗೆ ತಿರುಗಿ, "ನಿಮ್ಮದು ಹೆಂಡತಿಗೋ?" ಎಂದು ಕೇಳಿದನು. ಹೌದೆಂದೆವು. ಅವನು ಮುಗುಳ್ನಕ್ಕು, "ನಾನೂ ಇಪ್ಪತ್ತು ವರ್ಷ ಹಾಗೆಯೇ ಹೇಳುತ್ತಿದ್ದೆ" ಎಂದನು.

ನಮ್ಮ ಮುಖ ಕೆಂಪಾಗಿರಬೇಕು. ಹಾಗಲ್ಲ, ಅಳತೆಯ ತೊಂದರೆಯಿಂದ ಹೀಗಾಯಿತೆಂದು ವಿವರಿಸಲು ಹೊರಟೆವು. ವಿವರಿಸುತ್ತ ಹೋದಂತೆ, ನಾವು ಇವನಂತಹವರಲ್ಲ ಎಂದು ಇವನಿಗೇ ಹೇಳುತ್ತಿದ್ದೇವೆಂಬುದು ಹೊಳೆದು ನಿಲ್ಲಿಸಿದೆವು. ಅವನು ಬೇಸರಪಟ್ಟಂತೆ ಕಾಣಲಿಲ್ಲ. ತನಗೆ ಚಿಕ್ಕಂದಿನಿಂದ ಇಂಥ ಬೂಟುಗಳ ಮೇಲೆ ಆಸೆ. ಮೊದಲು ಹೆಂಡತಿಗೆ ತಿಳಿಯದಂತೆ, ಈಚೆಗೆ ತಿಳಿದೇ, ಮನೆಯಲ್ಲಿ ಹಾಕಿಕೊಳ್ಳುತ್ತಾನೆ. ಕೊಳ್ಳುವುದಕ್ಕೆ ಅಂಚೆಯ ಮೂಲಕ ತರಿಸುವ ಅಂಗಡಿಗಳುಂಟು, ಆದರೆ ಕೈಯಲ್ಲಿ ಹಿಡಿದು ನೋಡಿ ಕೊಳ್ಳುವ ಸುಖ ಬೇರೆ ಎಂದನು. "ಒಂದು ಕಾಲದಲ್ಲಿ ಇಲ್ಲಿಂದ ಎಂಟು ಮೈಲಿಯಾಚೆ ನಮ್ಮಂಥವರಿಗೆಂದೇ ಮಾಡುತ್ತಿದ್ದರು. ಅರ್ಲ್ಸ್ ಬಾರ್ಟನ್ನಿಗೆ ಹೋಗಿದ್ದೀರಾ?" ಎಂದು ಕೇಳಿ, ಟೋಪಿಯನ್ನು ತಲೆಗಿಟ್ಟು ಹೊರಟುಹೋದನು.

ಅರ್ಲ್ಸ್ ಬಾರ್ಟನ್ನಿಗೆ ನಾವು ಹೋದುದು ಈ ಮಾತಿನಿಂದ. ಹಿಮ ಕರಗಿದ ಮೇಲೆ ನಾವಿಬ್ಬರೂ ಬಸ್ಸಿನಲ್ಲಿ ಹೋದೆವು. ದಿಣ್ಣೆಯ ಮೇಲಿನ ಹಳ್ಳಿ. ಸುಮಾರು ಸಾವಿರ ವರ್ಷದ ಹಿಂದೆ ಸ್ಯಾಕ್ಸನ್ ಜನರು ಕಟ್ಟಿದ ದೇವಾಲಯದ ಗೋಪುರ ಇನ್ನೂ ನಿಂತಿದೆ. ಗೋಡೆಯ ಮೇಲೆ ಉದ್ದಕ್ಕೂ ಓರೆಗೂ ಕಲ್ಲಿನ ಪಟ್ಟಿಗಳನ್ನು ಇಟ್ಟಿರುವ ರೀತಿಯನ್ನು ನೋಡಿದರೆ, ಮರದ ಚೌಕಟ್ಟನ್ನು ಕಟ್ಟಿ ಅಭ್ಯಾಸವಿದ್ದ ಬಡಗಿಗಳು ಕಲ್ಲಿನಲ್ಲಿ ಕೈಯಾಡಿಸಿದಂತಿದೆ. ಬೇಲೂರು ಹಳೆಯಬೀಡುಗಳನ್ನು ಕಂಡ ಕಣ್ಣಿಗೆ ಅದು ಒರಟೇ. ಆದರೂ ಮನಸ್ಸನ್ನು ಹಿಡಿಯುತ್ತದೆ.

ಈ ಹಳ್ಳಿಯಲ್ಲಿ ಬ್ರೂಕ್ಸ್ ಎಂಬವರ ಹೆಸರಿನ ಕಾರ್ಖಾನೆಯೊಂದಿತ್ತು. ತಲೆಮಾರುಗಳಿಂದ ಗಂಡಸರ ಗಟ್ಟಿಮುಟ್ಟಾದ ಚಡಾವುಗಳನ್ನು ಮಾಡುತ್ತಿದ್ದ ಮನೆತನದ ಉದ್ಯೋಗ. ೧೯೯೦ರ ದಶಕದಲ್ಲಿ ಹೊರದೇಶಗಳ ಅಗ್ಗದ ಸರಕು ಬಂದು ತುಂಬಿತು. ಪೌಂಡಿನ ಬೆಲೆ ಏರಿ ರಫ್ತು ಇಳಿಯಿತು. ಕೆಲಸಗಾರರನ್ನು ಬಿಡಿಸಬೇಕಾಗಿ ಬಂದಿತು. ಆಗ ಒಡೆಯನಾಗಿದ್ದ ಸ್ಟೀವ್ ಪೇಟ್‌ಮನ್ ಎಂಬವನಿಗೆ ಫೋಕ್‌ಸ್ಟನ್ ಎಂಬ ಕಡಲತೀರದ ಊರಿನ ಅಂಗಡಿಯೊಂದರಿಂದ ದೂರವಾಣಿಯಲ್ಲಿ ಒಂದು ಬೇಡಿಕೆ ಬಂದಿತು: ಗಂಡಸರ ಕಾಲಿಗಾಗುವ ಹೆಂಗಸರ ಬೂಟುಗಳನ್ನು ಮಾಡಿಕೊಡುವಿರಾ? ಅಲ್ಲಿಯ ಗಿರಾಕಿಗಳಿಗೆ ಅವು ಎಲ್ಲಿಯೂ ದೊರೆಯುತ್ತಿರಲಿಲ್ಲ. ಬೇರೆ ಯಾರಾಗಿದ್ದರೂ ನಕ್ಕು ದೂರವಾಣಿಯನ್ನು ಕೆಳಗಿಡುತ್ತಿದ್ದರೋ ಏನೋ. ಅವನು ಒಪ್ಪಿಕೊಂಡನು.

ಕೆಲಸ ಸುಲಭವಾದುದಲ್ಲ. ಗೋಪುರದ ಬಳಿಯ ಚಹದ ಅಂಗಡಿಯಲ್ಲಿ ನಮ್ಮ ಪಕ್ಕದಲ್ಲಿ ಕುಳಿತಿದ್ದ ವೃದ್ಧರೊಬ್ಬರು ಯೌವನದಿಂದ ಚಡಾವಿನ ಕೆಲಸದಲ್ಲಿಯೇ ಸವೆದವರು. ಮೇಜಿನ ಮೇಲೆ ಚಮಚವನ್ನಿಟ್ಟು ನಮಗೆ ಬೋಧಿಸಿದರು. ಹೆಂಗಸರ ಬೂಟಿನ ಮಾದರಿಯನ್ನು ಹಿಗ್ಗಿಸಿದ ಮಾತ್ರಕ್ಕೆ ಗಂಡಸರ ಕಾಲಿಗೆ ಒಪ್ಪುವುದಿಲ್ಲ. ಬೆರಳುಗಳ ಬುಡದಲ್ಲಿ ಗಂಡಸಿನ ಪಾದ ಅಗಲ. ಮೀನಖಂಡದ ಆಕಾರ ಬೇರೆ. ಆದ್ದರಿಂದ ಒಳಗಿಡುವ ಪಾದದಚ್ಚನ್ನೇ ಹೊಸದಾಗಿ ಮಾಡಬೇಕು. ಎತ್ತರವಾದ ಸಣ್ಣ ಹಿಮ್ಮಡಿಯ ಮೇಲೆ ನೂರು ಕಿಲೋ ತೂಕದ ದೇಹ ನಿಂತರೆ ಅದು ಲಟಕ್ಕನೆ ಮುರಿಯುತ್ತದೆ. ಹಿಮ್ಮಡಿಯೊಳಗೆ ಉಕ್ಕು ಬೇಕು. ಅಲ್ಲಿಂದ ಪಾದದ ಕಮಾನಿನ ಕೆಳಗೆ ಹಾಯುವ ಉಕ್ಕಿನ ಪಟ್ಟಿಯೂ ಬಲವಾಗಿರಬೇಕು. ಚಮಚದ ಹಿಡಿಯನ್ನು ಬಗ್ಗಿಸಿ ಇದನ್ನು ತೋರಿಸಿದರು. "ಇದರಲ್ಲಿ ನಗುವಂಥದೇನೂ ಇಲ್ಲ. ಯಾವ ಕಾಲೂ ಕಾಲೇ. ನೋಯದಂತೆ ಮಾಡುವುದು ನಮ್ಮ ಕೆಲಸ" ಎಂದರು.

ಹೀಗೆ ಮಾಡಿದ ಬೂಟುಗಳನ್ನು ಡಿವೈನ್ ಎಂಬ ಹೆಸರಿನಿಂದ ಮಾರಿದರು; ನಮ್ಮ ಮಾತಿನಲ್ಲಿ ದಿವ್ಯ ಎನ್ನಬಹುದು. ಸರಕಿನ ಪಟ್ಟಿಯಲ್ಲಿ ಚಿತ್ರ ಬೇಕಾದಾಗ ಪೇಟ್‌ಮನ್ನನು ತಾನೇ ಕಾಲಿನ ಕೂದಲನ್ನು ಬೋಳಿಸಿಕೊಂಡು ಬೂಟು ಹಾಕಿ ನಿಂತನಂತೆ. ಮಡದಿ ಮಕ್ಕಳುಳ್ಳ ಹಳ್ಳಿಯ ಗೃಹಸ್ಥ, ಸುತ್ತ ತಲೆಮಾರುಗಳ ನೆರೆಹೊರೆ. ಅದಕ್ಕೆ ಬೇಕಾದ ಧೈರ್ಯ ಎಷ್ಟೆಂಬುದನ್ನು ನಾಲ್ಕನೆಯ ಅಳತೆಯ ಕಂದು ಬೂಟಿನ ಮುಂದೆ ಓಡಿಬಂದ ನಾವು ಚೆನ್ನಾಗಿ ಬಲ್ಲೆವು. ೧೯೯೯ರಲ್ಲಿ ಬಿಬಿಸಿಯವರು ಈ ಸಂಗತಿಯನ್ನು ಚಿತ್ರಿಸಿ ತೋರಿಸಿದರು. ಅದರಿಂದ ೨೦೦೫ರಲ್ಲಿ ಕಿಂಕಿ ಬೂಟ್ಸ್ ಎಂಬ ಚಲನಚಿತ್ರವೂ, ೨೦೧೩ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ ಅದೇ ಹೆಸರಿನ ಸಂಗೀತ ನಾಟಕವೂ ಆದವು. ನಾಟಕಕ್ಕೆ ಆರು ಟೋನಿ ಪಾರಿತೋಷಕಗಳು ಬಂದವು. ೨೦೧೮ರಲ್ಲಿ ಆ ನಾಟಕ ಇಂಗ್ಲೆಂಡಿನಲ್ಲಿ ಸಂಚಾರ ಹೊರಟಾಗ ಮೊದಲ ಆಟ ನಾರ್ತಾಂಪ್ಟನ್ನಿನಲ್ಲಿಯೇ ಆಯಿತು. ಲೋಕದಾದ್ಯಂತ ಜನರು ಟಿಕೇಟು ಕೊಂಡು ನೋಡಿ ಚಪ್ಪಾಳೆ ತಟ್ಟಿದರು. ಕಾರ್ಖಾನೆ ಮಾತ್ರ ಉಳಿಯಲಿಲ್ಲ.

ಮರಳಿ ಬರುವಾಗ ಬಸ್ಸಿನಲ್ಲಿ ನಾವು ಹೆಚ್ಚು ಮಾತನಾಡಲಿಲ್ಲ. ರಂಗದ ಮೇಲೆ ಚಪ್ಪಾಳೆ, ಅಂಗಡಿಯಲ್ಲಿ ನಾಚಿಕೆ ಎಂಬ ಈ ವಿಚಿತ್ರವು ಆಂಗ್ಲರದು ಮಾತ್ರವಲ್ಲ. ನಮ್ಮ ಮಲೆನಾಡಿನಲ್ಲಿ ಯಕ್ಷಗಾನದ ಸ್ತ್ರೀವೇಷಕ್ಕೆ ಎಷ್ಟು ಮನ್ನಣೆಯೆಂಬುದನ್ನು ವಾಚಕರು ಬಲ್ಲರು. ನಾವು ಉಪಾಧ್ಯಾಯರಾಗಿದ್ದ ಹಳ್ಳಿಯ ಪಾಠಶಾಲೆಯಲ್ಲಿ ಒಬ್ಬ ಹುಡುಗನಿದ್ದನು, ಹೆಸರು ಬೇಡ. ಒಂಬತ್ತನೆಯ ತರಗತಿಯವನು. ೧೯೯೨ರ ವಾರ್ಷಿಕೋತ್ಸವದಲ್ಲಿ ವಿರಾಟನ ಆಸ್ಥಾನದ ಪ್ರಸಂಗವನ್ನು ಆಡಿಸಿ, ಅವನಿಗೆ ಬೃಹನ್ನಳೆಯ ಪಾತ್ರವನ್ನು ಕೊಟ್ಟವರು ನಾವೇ. ಬಳೆ ತೊಟ್ಟು ಜಡೆ ಇಳಿಬಿಟ್ಟು ಅವನು ಉತ್ತರೆಗೆ ನಾಟ್ಯ ಕಲಿಸುವ ಸನ್ನಿವೇಶದಲ್ಲಿ ಸಭೆ ಉಸಿರು ಹಿಡಿದು ನೋಡಿತು. ಬಹುಮಾನವಾಗಿ ಒಂದು ಶಬ್ದಕೋಶವನ್ನು ನಮ್ಮ ಕೈಯಿಂದಲೇ ಕೊಟ್ಟೆವು.

ಹದಿನೈದು ದಿನ ಕಳೆದಿರಲಿಲ್ಲ. ಒಂದು ದಿನ ಅವನು ಅಕ್ಕನ ಚಪ್ಪಲಿಯನ್ನು ಮೆಟ್ಟಿ ಶಾಲೆಗೆ ಬಂದನು. ಕೆಂಪು ಪಟ್ಟಿಯವು, ಹಿಮ್ಮಡಿ ಸ್ವಲ್ಪ ಎತ್ತರ. ಹುಡುಗರು ಬಾಗಿಲಲ್ಲಿಯೇ ಕೇಕೆ ಹಾಕಿದರು. ಗದ್ದಲವನ್ನು ಅಡಗಿಸಬೇಕಾದವರು ನಾವು; ಅಡಗಿಸಿದ ಬಗೆ ಹೀಗಿತ್ತು: ಆ ಚಪ್ಪಲಿಗಳನ್ನು ಅವನ ಎರಡು ಕೈಯಲ್ಲಿಯೂ ಹಿಡಿಸಿ, ಪಾಠ ಮುಗಿಯುವವರೆಗೆ ಹಲಗೆಯ ಪಕ್ಕದಲ್ಲಿ ನಿಲ್ಲಿಸಿದೆವು. ಅಂದಿನ ಪಾಠ ಸ್ತ್ರೀಪ್ರತ್ಯಯಗಳು. ಅದನ್ನು ಹಿಡಿದು ಒಂದು ವಿನೋದವನ್ನೂ ಮಾಡಿದೆವು, ತರಗತಿಯೆಲ್ಲ ನಕ್ಕಿತು. ಆ ವಿನೋದ ಏನೆಂಬುದು ನಮಗೆ ಚೆನ್ನಾಗಿ ನೆನಪಿದೆ, ಇಲ್ಲಿ ಬರೆಯಲಾರೆವು. ಮುಂದಿನ ವರ್ಷ ನಾಟಕಕ್ಕೆ ಕರೆದಾಗ ಅವನು, "ಬೇಡಿ ಸಾರ್" ಎಂದಷ್ಟೇ ಹೇಳಿ ನೆಲವನ್ನು ನೋಡಿದನು.

ತನ್ನ ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿ ಮನೆಯಲ್ಲಿದ್ದುದನ್ನು ಹಾಕಿಕೊಂಡು ಬಂದಿದ್ದನೋ, ಇಲ್ಲವೆ ಆಸೆಯಿಂದಲೇ ಹಾಕಿಕೊಂಡಿದ್ದನೋ? ನಾವು ಕೇಳಲೇ ಇಲ್ಲ. ಎರಡರಲ್ಲಿ ಯಾವುದಾಗಿದ್ದರೂ ನಾವು ಮಾಡಿದುದು ಒಂದೇ ಎಂಬುದು ಅರ್ಲ್ಸ್ ಬಾರ್ಟನ್ನಿನಿಂದ ಬರುವ ಬಸ್ಸಿನಲ್ಲಿ ಹೊಳೆಯಬೇಕಾಯಿತು. ಹಳೆಯ ಸಹೋದ್ಯೋಗಿಯೊಬ್ಬರಿಗೆ ಆ ರಾತ್ರಿಯೇ ಕರೆ ಮಾಡಿ ಅವನ ವಿಳಾಸ ಕೇಳಿದೆವು. ಅವರ ಮನೆಯವರು ತೋಟ ಮಾರಿ ಹುಬ್ಬಳ್ಳಿಯ ಕಡೆಗೆ ಹೋಗಿ ಬಹಳ ವರ್ಷವಾಯಿತೆಂದರು, ವಿಚಾರಿಸಿ ತಿಳಿಸುವೆನೆಂದಿದ್ದಾರೆ.

ಮೂರನೆಯ ಸಲ ಅಂಗಡಿಗೆ ಹೋದಾಗ ನಮ್ಮ ಮನೆಯವರೂ ಬಂದಿದ್ದರು. ಹುಡುಗಿ ಬೂಟನ್ನು ತಂದು ಅಭ್ಯಾಸಬಲದಿಂದ ಅವರ ಮುಂದಿಟ್ಟಳು. "ನನಗಲ್ಲ, ಅವರಿಗೆ" ಎಂದು ಅವರು ಬೆರಳು ಮಾಡಿ ತೋರಿಸಿದರು. ಮೂರು ದಿನಗಳಿಂದ ನಾವು ಕಟ್ಟುತ್ತಿದ್ದ ವಾಕ್ಯ ಇಷ್ಟೇ ಆಗಿತ್ತು. ಎರಡು ಮಾತಿನಲ್ಲಿ ಮುಗಿಯಿತು. ಬೆಂಚಿನ ಮೇಲೆ ಕುಳಿತು ತೊಟ್ಟೆವು. ಒಳಗಿನ ಉಣ್ಣೆ ಬೆಚ್ಚಗಿತ್ತು. ಎದ್ದು ಕನ್ನಡಿಯವರೆಗೆ ನಡೆದೆವು, ಹಿಮ್ಮಡಿ ಜಾರಲಿಲ್ಲ. ನೋಡುತ್ತಿದ್ದವರು ಯಾರೆಂದು ಸುತ್ತ ತಿರುಗಿದರೆ ಒಂದು ಮಗು ಮಾತ್ರ. ಅದೂ ನಮ್ಮ ಹಣೆಯ ವಿಭೂತಿಯನ್ನು ನೋಡುತ್ತಿತ್ತು. ಹಳೆಯ ಚಡಾವುಗಳನ್ನು ಪೆಟ್ಟಿಗೆಯಲ್ಲಿ ಹಾಕಿಸಿಕೊಂಡು, ಹೊಸವನ್ನೇ ಮೆಟ್ಟಿ ಮಾರುಕಟ್ಟೆಯ ಚೌಕವನ್ನು ದಾಟಿ ಮನೆಗೆ ನಡೆದುಬಂದೆವು. ದಾರಿಯಲ್ಲಿ ಇನ್ನೂ ಅಲ್ಲಲ್ಲಿ ಹಿಮ ಹೆಪ್ಪುಗಟ್ಟಿತ್ತು. ಒಮ್ಮೆಯೂ ಜಾರಲಿಲ್ಲ.

ಮರುದಿನ ಬೆಳಗ್ಗೆ ಪತ್ರಿಕೆ ತರಲು ಹೊರಟರೆ ಬಾಗಿಲ ಬಳಿ ಬೂಟುಗಳಿಲ್ಲ. ಕಿಟಕಿಯಿಂದ ಇಣಿಕಿ ನೋಡಿದೆವು. ನಮ್ಮ ಮನೆಯವರು ಸೀರೆಯನ್ನು ಗಿಣ್ಣಿನ ಮೇಲಕ್ಕೆ ಎತ್ತಿ ಸಿಕ್ಕಿಸಿ, ಅವೇ ಬೂಟುಗಳನ್ನು ಮೆಟ್ಟಿಕೊಂಡು ಹಿತ್ತಲಿನ ಹಿಮದಲ್ಲಿ ನಿಂತು ಹಕ್ಕಿಗಳಿಗೆ ಹಿಂದಿನ ದಿನದ ಅನ್ನವನ್ನು ಹಾಕುತ್ತಿದ್ದರು. ಎರಡು ಸಲ ಕರೆದರೂ ಕೇಳಿಸಲಿಲ್ಲ. ಕಾಲುಚೀಲದಲ್ಲಿಯೇ ಹೊಸಿಲ ಮೇಲೆ ನಿಂತು, ಅವರು ಮುಗಿಸಿ ಬರುವುದನ್ನು ಕಾಯತೊಡಗಿದೆವು.